ಮಾದಪ್ಪನ ಆಕಾಶನೌಕೆ

ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಶಾಂತರಾಜುವಿನ ಟ್ರ್ಯಾಕ್ಟರಿಗೆ ರ‍್ಯಾಪ್ ಇಲ್ಲದೆ ಗೇರೇ ಬೀಳದು. ಎತ್ತು ಅಡ್ಡ ಬಂದರೂ ಅವನು ಗದರುವುದು ಪ್ರಾಸದಲ್ಲಿಯೇ. “ಅಮೆರಿಕದ ಕಪ್ಪುಜನರ ತಾತಂದಿರ್ನ ಸರಪಳಿ ಬಿಗ್ದು ಹಡಗಲ್ಲಿ ತಂದ್ರು ಸಾ. ಮೊಮ್ಮಕ್ಳು ರ‍್ಯಾಪ್ ಪದ ಕಟ್ಟಿ ಅದೇ ಹಡಗ್ನ ನಕ್ಷತ್ರಕ್ಕೆ ಹಾರುಸ್ತಾವ್ರೆ. ನಾನೂ ನಮ್ಮೋರ್ನ ಕರ್ಕಂಡು ಓಯ್ತೀನಿ” ಎನ್ನುತ್ತಾನೆ. ನಮ್ಮ ಗುಡಿಯ ಸೋಮವಾರದ ಭಜನೆಯಲ್ಲಿ ಅವನು ಮಾದಪ್ಪನನ್ನು ಹುಲಿಯಿಂದ ಇಳಿಸಿ ಆಕಾಶನೌಕೆ ಹತ್ತಿಸುವನೆಂದು ಕೇಳಿ, ಸ್ವಾಮಿಗೆ ಅಪಚಾರವಾದೀತೆಂದು ನಾನು ಹೆದರಿದ್ದೆ. ಆದರೆ ಅವನ ಹಾಡಿನ ಮಾದಪ್ಪ ನೌಕೆ ನಿಲ್ಲಿಸಿ, ತಮ್ಮವರನ್ನು ಒಳಗೆ ಬಿಡದಿದ್ದ ಕಾಲದ ಅಂಜಿಕೆಯಿಂದ ಇಂದಿಗೂ ಬಾಗಿಲಾಚೆಯೇ ನಿಂತು ಭಜನೆ ಕೇಳುವ ಅವನಜ್ಜಿ ದೊಡ್ಡಮಾದಮ್ಮನವರನ್ನು, “ಬಾ ಮಗಳೇ, ಮುಂದುಗಡೆ ಕೂತ್ಕೊ” ಎಂದು ಕರೆದ. ಅಜ್ಜಿ ಹೊಸಿಲು ದಾಟಿ ಒಳಗೆ ಬಂದರು. ತಾಳ ಹಾಕುತ್ತಲೇ ಸರಿದು ಜಾಗ ಕೊಟ್ಟೆ.