ಅತ್ತೆ ಹೊಲಿದ ಗಿಳಿಗಳು

ನನ್ನ ಅತ್ತೆಯ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಉಗುರಿಲ್ಲದೆ, ಬುಡದಲ್ಲಿ ಚಪ್ಪಟೆಯಾಗಿ, ಒಣಗಿದ ಹುಣಸೆಕಾಯಿಯಂತೆ ಪಕ್ಕಕ್ಕೆ ಸೆಟೆದು ನಿಂತಿತ್ತು. ಹಾಗಾಗಿ ಅವರು ಸೂಜಿಯನ್ನು ತೋರುಬೆರಳು, ನಡುಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು ಅಂಗೈಯಿಂದ ದೂಡುತ್ತಿದ್ದರು. ಮದುವೆಯಾಗಿ ಮಾಗಡಿ ಹತ್ತಿರದ ಕಲ್ಯ ಎಂಬ ಊರಿಗೆ ಬಂದ ವಾರದಲ್ಲೇ ಬೆರಳಿಗೆ ಏನಾಯಿತೆಂದು ಕೇಳಿದ್ದೆ.

“ನಿಮ್ ಮಾವ ಗುಂಡ್ಕಲ್ಲಲ್ಲಿ ಜಜ್ಜುದ್ರು. ಹೊಲ್ಕಂಡು ಕೂತಿದ್ದೆ, ಮುದ್ದೆ ತಡ ಆಗೋಯ್ತು” ಎಂದರು, ಸಾರಿಗೆ ಉಪ್ಪು ಸಾಲದಾಯಿತು ಅನ್ನುವ ಹಾಗೆ. ಮಾವ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು.

ಅತ್ತೆ ಹೊಲಿಯುತ್ತಿದ್ದದ್ದು ಬಟ್ಟೆಯ ಗಿಳಿಗಳನ್ನು. ಮಾಗಡಿಯ ಟೈಲರ್ ಒಬ್ಬ ರೇಷ್ಮೆ ರವಿಕೆಗಳ ಚೂರುಪಾರನ್ನು ಅವರಿಗೆಂದೇ ಎತ್ತಿಡುತ್ತಿದ್ದ. ಹಸಿರು ಚೂರನ್ನು ಒಳಮಗ್ಗುಲಿಂದ ಹೊಲಿದು, ಮಗುಚಿ, ಬೂರುಗದ ಅರಳೆಯನ್ನು ಕಡ್ಡಿಯಲ್ಲಿ ತುಂಬಿ, ಕೆಂಪು ಕೊಕ್ಕು, ಕರಿಮಣಿಯ ಕಣ್ಣು ಇಟ್ಟು, ಬೆನ್ನಿಗೊಂದು ಕುಣಿಕೆ ಹಾಕಿದರೆ ಮುಗಿಯಿತು. ಗೌರಿ ಹಬ್ಬಕ್ಕೆ ತವರಿಗೆ ಬಂದ ಊರಿನ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಗಿಳಿ. ಅವರು ಅದನ್ನು ಗಂಡನ ಮನೆಗೆ ಒಯ್ದು ಬಾಗಿಲಿಗೆ ಕಟ್ಟುತ್ತಿದ್ದರು.

ನನ್ನ ಹೊಲಿಗೆ ಸೊಟ್ಟಗಾದರೆ ಬೈಯದೆ ಹಲ್ಲಿನಿಂದ ದಾರ ಕಿತ್ತು ಕೈಗೆ ಕೊಡುತ್ತಿದ್ದರು. “ಇನ್ನೊಂದ್ ಸತಿ ಹೊಲಿ. ಆ ಹುಡ್ಗಿ ಇಲ್ಲಿ ನೋಡಕಿಲ್ಲ, ಮನೇಗೋಗಿ ತಿರುಗ್ಸಿ ನೋಡ್ತಳೆ. ಹಿಂದ್ಗಡೆನೂ ಚೆನ್ನಾಗಿರ್ಬೇಕು ಕಣವ್ವ.”

ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಮೂರನೆಯ ತಿಂಗಳಿಗೆ ಮೊದಲ ಏಟು ಬಿತ್ತು. ಆಮೇಲೆ ಲೆಕ್ಕವಿಲ್ಲ. ಬೆಲ್ಟು, ಚಪ್ಪಲಿ, ಒಮ್ಮೆ ಕಾದ ಹೆಂಚಿನ ಮೇಲೆ ನನ್ನ ಅಂಗೈ ಒತ್ತಿದ. ಅತ್ತೆ ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಅವನು ಹೊರಗೆ ಹೋದಮೇಲೆ ಅರಿಶಿನ, ಕೊಬ್ಬರಿ ಎಣ್ಣೆ ತಂದು ಹಚ್ಚುತ್ತಿದ್ದರು. ಒಂದು ದಿನ ಆ ಬಟ್ಟಲನ್ನೇ ತಳ್ಳಿ ಕೇಳಿದೆ: “ನಿಮ್ ಮಗನಿಗೆ ಒಂದ್ ಮಾತು ಹೇಳಕ್ಕಾಗಲ್ವಾ ಅತ್ತೆ?”

ಅವರು ಚೆಲ್ಲಿದ ಎಣ್ಣೆಯನ್ನು ಸೆರಗಿನಲ್ಲಿ ಒರೆಸಿದರು. “ಅವ್ನ ಮೊಕ ನೋಡುದ್ರೆ ಅವರಪ್ಪನೇ ಬಂದಂಗಾಯ್ತದೆ. ಕೈಕಾಲು ಆಡಕಿಲ್ಲ ನಂಗೆ.”

ಎರಡನೆಯ ವರ್ಷದ ಗೌರಿ ಹಬ್ಬದ ಹಿಂದಿನ ದಿನ. ನಡುಮನೆಯಲ್ಲಿ ನಲವತ್ತು ಗಿಳಿಗಳನ್ನು ಒಂದೇ ಹುರಿಗೆ ಪೋಣಿಸಿ ನೇತುಹಾಕಿದ್ದೆವು. ಹಬ್ಬಕ್ಕೆ ಕರೆದೊಯ್ಯಲು ಬರುತ್ತೇನೆಂದು ನನ್ನಣ್ಣ ಫೋನ್ ಮಾಡಿದ್ದ. ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಅದನ್ನು ಹೇಳಿದೆ. ನನ್ನ ಜಡೆ ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಚಚ್ಚಿದ. ರಕ್ತ ಕಣ್ಣಿಗೆ ಇಳಿಯಿತು. “ತವ್ರುಮನೆ ಬೇಕೇನೆ ನಿಂಗೆ?” ಎನ್ನುತ್ತ ಗಿಳಿಗಳ ಹುರಿಯನ್ನು ಕಿತ್ತು ನನ್ನ ಕತ್ತಿಗೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ. ಉಸಿರು ನಿಂತಿತು. ಗಿಳಿಗಳು ಗದ್ದಕ್ಕೆ ಒತ್ತುತ್ತಿದ್ದವು.

ಹುರಿ ಇದ್ದಕ್ಕಿದ್ದಂತೆ ಸಡಿಲವಾಯಿತು. ಅತ್ತೆ ಮುದ್ದೆ ತೊಳಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಎರಡನೆಯ ಏಟು ಅವನ ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು “ಅವ್ವಾ!” ಎಂದು ಕೂಗಿ ಬಿದ್ದ. ಬಿದ್ದವನಿಗೂ ಬಾರಿಸಿದರು: ಬೆನ್ನಿಗೆ, ತೊಡೆಗೆ, ಮತ್ತೆ ಅದೇ ಕೈಗೆ. ನಾನೇ ತೆವಳಿಕೊಂಡು ಹೋಗಿ ಅವರ ಕಾಲು ಹಿಡಿದೆ.

“ಬಿಡಿ ಅತ್ತೆ, ಸತ್ತೋಯ್ತನೆ!”

“ಸಾಯ್ಲಿ. ಹೆತ್ತೋಳು ನಾನೇ” ಎಂದರು. ಆದರೂ ಕೋಲನ್ನು ಕೆಳಗಿಟ್ಟರು.

ಆಸ್ಪತ್ರೆಯಿಂದ ಸುದ್ದಿ ಹೋಗಿ ಪೊಲೀಸರು ಬಂದಾಗ ನೆಂಟರು ಅವನು ಅಟ್ಟದಿಂದ ಬಿದ್ದನೆಂದು ಹೇಳಹೊರಟರು. ಅತ್ತೆ ಅವರನ್ನು ಸರಿಸಿ ಮುಂದೆ ಬಂದರು. “ಬಿದ್ದಿಲ್ಲ ಸ್ವಾಮಿ. ನಾನೇ ಹೊಡ್ದೆ. ಯಾಕ್ ಹೊಡ್ದೆ ಅಂತ ಇವಳ ಕತ್ತು ನೋಡಿ ಬರ್ಕಳಿ.”

ನನ್ನೊಂದಿಗೆ ಒಂದು ಟ್ರಂಕು ಹಿಡಿದು ಅವರೂ ಆ ಮನೆ ಬಿಟ್ಟರು. ಮಗನನ್ನು ಬಿಟ್ಟು ಸೊಸೆಯ ಹಿಂದೆ ಹೋದ ರಾಕ್ಷಸಿ ಎಂದು ಊರೇ ಆಡಿಕೊಂಡಿತು. ರಾಮನಗರದಲ್ಲಿ ನನ್ನಣ್ಣ ಹುಡುಕಿಕೊಟ್ಟ ಒಂದು ಕೋಣೆ ಹಿಡಿದೆವು. ನಾನು ಗಾರ್ಮೆಂಟ್ಸ್‌ಗೆ ಸೇರಿದೆ. ಅವರು ಹೊಲಿಗೆ ಬಿಡಲಿಲ್ಲ. ಎದುರುಮನೆಯ ರೇಷ್ಮೆ ನೂಲು ತೆಗೆಯುವ ಸಾಬರ ಹೆಣ್ಣುಮಕ್ಕಳಿಗೆ ರಂಜಾನ್ ಹಬ್ಬಕ್ಕೆ ಚಂದ್ರ, ನಕ್ಷತ್ರಗಳನ್ನು ಹೊಲಿದು ಕೊಟ್ಟರು. ನನಗೆ ವಿಚ್ಛೇದನವೂ ಆಯಿತು. ಏಳು ವರ್ಷ ಅವರು ಮಗನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಮೂರನೆಯ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಸೊಟ್ಟಗಾದ ಬಾಯಲ್ಲಿ ಏನೋ ಅಂದರು. ಕಿವಿ ಹತ್ತಿರ ಒಯ್ದೆ.

“ಅವುನ್ ಕೈ... ಕೂಡ್ಕತಾ?”

ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. “ಕೂಡ್ಕತು ಅತ್ತೆ. ಆಟೋ ಓಡುಸ್ತಾವ್ನೆ” ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟರು.

ಅಷ್ಟು ವರ್ಷ, ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತ, ಆ ಒಂದು ಪ್ರಶ್ನೆಯನ್ನು ನನಗಾಗಿ ನುಂಗಿಕೊಂಡಿದ್ದರು.