ಹುರುಳಿ ಹಾಸಿದ ರಸ್ತೆಯಲ್ಲಿ ತಾನೇ ನಿಂತ ಕಾರು

ಎರಡು ವರ್ಷದ ಹಿಂದಿನ ಮಾತು. ಕೊಪ್ಪಳ ಜಿಲ್ಲೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿ ಅದು ನನ್ನ ಕೊನೆಯ ವರ್ಷ. ಲೈಸೆನ್ಸಿಗೆ ಬಂದವರ ಪರೀಕ್ಷೆ ಮಾಡುವುದು, ಲಾರಿ ಬಸ್ಸುಗಳ ಫಿಟ್‌ನೆಸ್ ನೋಡುವುದು, ಅಪಘಾತವಾದ ಗಾಡಿಯ ತಪಾಸಣೆ ಮಾಡುವುದು, ಇವಿಷ್ಟು ನಿರೀಕ್ಷಕನ ಕೆಲಸ. ಮೂರನೆಯದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಎಲ್ಲಾದರೂ ಗಾಡಿ ಗುದ್ದಿದರೆ ಬ್ರೇಕು, ಸ್ಟೀರಿಂಗು, ಟೈರು ಎಲ್ಲ ನೋಡಿ, ತಪ್ಪು ಯಂತ್ರದ್ದೋ ಮನುಷ್ಯನದ್ದೋ ಅಂತ ಪೊಲೀಸರಿಗೆ ನಾವು ಬರೆದುಕೊಡಬೇಕು. ಮೂವತ್ತು ವರ್ಷ ಇದನ್ನು ಮಾಡಿದೆ. ಆದರೆ ತಪ್ಪು ಯಾರದ್ದು ಅಂತ ಕಣ್ಣಾರೆ ಕಂಡು ಬರೆದರೂ ಒಪ್ಪಿಸಲಾಗದೆ ತಲೆ ಕೆಡಿಸಿಕೊಂಡದ್ದು ಈ ಒಂದು ಕೇಸಿನಲ್ಲಿ ಮಾತ್ರ.

ಈಗ ಯಾವ ಮದುವೆಗೆ ಹೋದರೂ ಊಟಕ್ಕೆ ಪಕ್ಕದಲ್ಲಿ ಕೂತವರು ಒಂದೇ ಪ್ರಶ್ನೆ ಕೇಳುತ್ತಾರೆ. "ಸಾಹೇಬ್ರ, ಡ್ರೈವರ್ ಇಲ್ಲದ ಕಾರು ನಮ್ ಕಡೆ ಯಾವಾಗ ಬರ್ತಾವ್ರಿ?" ಕೇಳಿದಾಗಲೆಲ್ಲ ನನಗೆ ಮರಿಯಪ್ಪನ ಮುಖ ನೆನಪಾಗುತ್ತದೆ, ಊಟದ ರುಚಿ ಕೆಡುತ್ತದೆ.

ಮರಿಯಪ್ಪ ಗಂಗಾವತಿಯ ಅಕ್ಕಿ ಮಿಲ್ಲಿನ ಮಾಲೀಕರೊಬ್ಬರ ಡ್ರೈವರ್. ಹದಿನೆಂಟು ವರ್ಷದಿಂದ ಅವರ ಮನೆಯಲ್ಲೇ ಗಾಡಿ ಓಡಿಸಿದವನು, ಒಂದು ಕೇಸಿಲ್ಲ. ಆ ವರ್ಷ ಮಾಲೀಕರು ಹೊಸ ಕಾರು ಕೊಂಡರು. ಪೂರ್ತಿ ಡ್ರೈವರ್ ಇಲ್ಲದೆ ಓಡುವ ಕಾರಲ್ಲ, ಅದರ ಮೊದಲ ಮೆಟ್ಟಿಲು ಅನ್ನಿ. ಮುಂದಿನ ಗಾಜಿನ ಒಳಗೊಂದು ಕ್ಯಾಮೆರಾ, ಬಂಪರಿನಲ್ಲಿ ಒಂದು ರಾಡಾರ್. ಎದುರಿಗೆ ಏನಾದರೂ ಅಡ್ಡ ಬಂದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಶೋರೂಮಿನಲ್ಲಿ ಮಾರುವಾಗ "ಇದು ತಾನೇ ನೋಡ್ಕೊಳ್ತದೆ ಸಾರ್, ನೀವು ಆರಾಮ ಕೂತ್ಕೊಳ್ಳಿ" ಅಂದಿದ್ದರಂತೆ. ಮಾಲೀಕರು ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದರು.

ಸಂಕ್ರಾಂತಿ ಮುಗಿದ ಹೊಸತು. ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ಹುರುಳಿ ರಾಶಿಯ ಕಾಲ. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಹುರುಳಿ ಬಳ್ಳಿ ಕಿತ್ತು ತಂದು ಡಾಂಬರ್ ರಸ್ತೆ ಮೇಲೆ ಹಾಸಿಬಿಡುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡುತ್ತದೆ. ಕಾನೂನಿಗೆ ವಿರುದ್ಧ, ಅಪಾಯವೂ ಹೌದು, ನಾವೂ ಎಷ್ಟೋ ಸಲ ಬೈದು ಬಂದಿದ್ದೇವೆ. ಯಾರೂ ಕಿವಿ ಮೇಲೆ ಹಾಕಿಕೊಂಡಿಲ್ಲ. ಗಾಡಿ ನಿಲ್ಲಿಸಿದರೆ, ಪಕ್ಕಕ್ಕೆ ತಿರುಗಿಸಿದರೆ ಅವರಿಗೇ ಸಿಟ್ಟು. "ಮ್ಯಾಲ ಹಾಯ್ಸಿ ಹೋಗ್ರೀ!" ಅಂತ ಕೂಗುತ್ತಾರೆ. ಹಾಗಾಗಿ ಈ ಭಾಗದ ಡ್ರೈವರುಗಳೆಲ್ಲ ವೇಗ ಸ್ವಲ್ಪ ತಗ್ಗಿಸಿ ಮೇಲೆಯೇ ಹೋಗುತ್ತಾರೆ. ಮುಂದಿನ ಗಾಡಿ ನಿಲ್ಲುವುದಿಲ್ಲ ಅಂತ ಹಿಂದಿನವನಿಗೂ ಗೊತ್ತಿರುತ್ತದೆ.

ಒಂದು ಸಂಜೆ ಮರಿಯಪ್ಪನೂ ಹಾಗೇ ಹೋದ. ಮಾಲೀಕರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಹುರುಳಿಯ ನಟ್ಟ ನಡುವೆ ಕಾರು ಗಕ್ಕನೆ ನಿಂತಿತು. ಹಿಂದೆ ಜನರನ್ನು ತುಂಬಿಕೊಂಡು ಬರುತ್ತಿದ್ದ ಟಂಟಂ ಆಟೋ ಬಂದು ಗುದ್ದಿತು. ಟಂಟಂನಲ್ಲಿದ್ದ ಒಬ್ಬ ಅಜ್ಜಿಯ ಕಾಲು ಮುರಿಯಿತು.

ಅಂತರ ಇಡಲಿಲ್ಲವೆಂದು ಟಂಟಂನವನ ಮೇಲೆ ಕೇಸಾಯಿತು, ಅದು ಸರಿಯೇ. ಆದರೆ ಅಲ್ಲಿದ್ದವರೆಲ್ಲ ಒಂದೇ ಮಾತು ಹೇಳಿದರು. ಎದುರಿಗೆ ನಾಯಿಯಿಲ್ಲ, ನರಿಯಿಲ್ಲ, ಈ ಕಾರಿನವನು ಸುಮ್ಮಸುಮ್ಮನೆ ಬ್ರೇಕ್ ಹೊಡೆದ ಅಂತ. ಮರಿಯಪ್ಪನ ಮೇಲೂ ಅಜಾಗರೂಕ ಚಾಲನೆಯ ಕೇಸು ಬಿತ್ತು, ಲೈಸೆನ್ಸ್ ಅಮಾನತಿಗೆ ಶಿಫಾರಸು ಬಂತು. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿಲ್ಲ.

ತಪಾಸಣೆಯ ದಿನ ನನ್ನ ಮುಂದೆ ನಿಂತು ಹೇಳಿದ: "ನಾ ಬ್ರೇಕ್ ತುಳದಿಲ್ರಿ ಸಾಹೇಬ್ರ. ಗಾಡಿ ತಾನ ನಿಂತೈತ್ರಿ."

ಅಲ್ಲಿದ್ದ ಪೊಲೀಸಿನವನು ನಕ್ಕ. ಮಾಲೀಕರು ಸಿಟ್ಟಾಗಿದ್ದರು. "ನಾಯಿ ಅಡ್ಡ ಬಂತು, ಅದಕ್ಕ ತುಳದೆ ಅಂತ ಹೇಳೋ ಮಾರಾಯ. ಕೇಸ್ ಹಗುರ ಆಕ್ಕೈತಿ, ನಿನ್ನ ಕೆಲಸಾನೂ ಉಳೀತೈತಿ."

"ಬರದ ನಾಯೀನ ಬಂತು ಅಂತ ಹೆಂಗ ಹೇಳ್ಲಿರಿ ಧಣಿ?" ಅಂದ ಮರಿಯಪ್ಪ. ಅವತ್ತೇ ಅವನ ಕೆಲಸ ಹೋಯಿತು.

ನಾನು ಕಾರು ನೋಡಿದೆ. ಬ್ರೇಕ್ ಪೆಡಲ್, ಡಿಸ್ಕು, ಪೈಪು, ಎಲ್ಲ ಹೊಸದು. ಎಳ್ಳಷ್ಟೂ ದೋಷವಿಲ್ಲ. ಅಷ್ಟನ್ನೇ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅನುಮತಿ ಪಡೆದು, ಶೋರೂಮಿನ ಎಂಜಿನಿಯರ್, ಮಾಲೀಕರು, ಮರಿಯಪ್ಪ ಮೂವರನ್ನೂ ಕರೆಸಿ, ಅದೇ ರಸ್ತೆಗೆ ಅದೇ ಹೊತ್ತಿಗೆ ಹೋದೆ. ಎರಡೂ ಕಡೆ ಗಾಡಿ ತಡೆಯಲು ಪೊಲೀಸರನ್ನು ನಿಲ್ಲಿಸಿದೆವು. ಹುರುಳಿ ಇನ್ನೂ ಹಾಸಿಯೇ ಇತ್ತು. ಸ್ಟೀರಿಂಗಿಗೆ ನಾನೇ ಕೂತೆ, ಪಕ್ಕದಲ್ಲಿ ಎಂಜಿನಿಯರ್.

ಒಂದು ಸಲ ಮೇಲೆ ಹೋದೆ. ಕಾರು ನಿಲ್ಲಲಿಲ್ಲ. ಎರಡನೇ ಸಲವೂ ನಿಲ್ಲಲಿಲ್ಲ. ಎಂಜಿನಿಯರ್ ಮುಗುಳ್ನಕ್ಕ. ದೂರದಲ್ಲಿ ನಿಂತಿದ್ದ ಮಾಲೀಕರು "ನಾ ಹೇಳ್ಲಿಲ್ಲೇನ್ರಿ?" ಅಂದರು. ಮರಿಯಪ್ಪ ತಲೆ ತಗ್ಗಿಸಿದ. ನನಗೆ ಅವನ ಮೇಲೇ ಸಿಟ್ಟು ಬಂತು. ಈ ಮನುಷ್ಯನನ್ನು ನಂಬಿ ಇಷ್ಟು ಜನರನ್ನು ಬಿಸಿಲಿಗೆ ನಿಲ್ಲಿಸಿದೆನಲ್ಲ ಅನ್ನಿಸಿತು.

ಹುರುಳಿ ಹಾಸಿದ್ದ ಹೆಣ್ಣುಮಗಳು ಕಾಳವ್ವ ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ಅವಳನ್ನೇ ಕೇಳಿದೆ, ಅವತ್ತಿಗೂ ಇವತ್ತಿಗೂ ಏನು ಫರಕು ತಾಯಿ ಅಂತ.

"ಅವತ್ತ ನಾವು ತೂರಾಕ್ಹತ್ತಿದ್ವಿರೀ ಯಪ್ಪಾ. ಇವತ್ತ ನಿಮ್ ಪೊಲೀಸ್ರು ಸುಮ್ನ ಕುಂದ್ರು ಅಂದಾರ," ಅಂದಳು.

"ಹಂಗಾರ ತೂರ್ರಿ," ಅಂದೆ.

ಕಾಳವ್ವನೂ ಅವಳ ನಾದಿನಿಯೂ ರಸ್ತೆಯ ಅಂಚಿಗೆ ನಿಂತು ಮೊರ ಎತ್ತಿದರು. ಗಾಳಿಗೆ ಹೊಟ್ಟು ರಸ್ತೆ ತುಂಬ ಹಾರಿತು. ಇಳಿಬಿಸಿಲು ಅದರ ಮೇಲೆ ಬಿದ್ದು ಎದುರಿಗೆ ಹಳದಿ ಪರದೆ ಕಟ್ಟಿದ ಹಾಗಾಯಿತು. ನನ್ನ ಕಾಲು ನೋಡುತ್ತಿರು ಅಂತ ಎಂಜಿನಿಯರಿಗೆ ಹೇಳಿ ಕಾರು ಬಿಟ್ಟೆ. ಹೊಟ್ಟಿನ ಹತ್ತಿರ ಬಂದದ್ದೇ ತಡ, ಕೀಂಯ್ ಅಂತ ಸದ್ದಾಗಿ, ಮುಂದೆ ಕೆಂಪು ದೀಪ ಹೊತ್ತಿ, ಕಾರು ಗಕ್ಕನೆ ನಿಂತಿತು. ಸೀಟ್ ಬೆಲ್ಟು ನನ್ನ ಎದೆಗೆ ಬಿಗಿಯಿತು. ನನ್ನ ಕಾಲು ಬ್ರೇಕಿನ ಮೇಲಿರಲಿಲ್ಲ. ಯಪ್ಪಾ, ಆಗ ನನಗಾದ ಸಮಾಧಾನ! ಮರಿಯಪ್ಪ ಓಡಿ ಬಂದ, ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತ.

ಆ ಸಮಾಧಾನ ಐದು ನಿಮಿಷ ಉಳಿಯಲಿಲ್ಲ.

"ಇದರಲ್ಲಿ ದೋಷ ಏನಿಲ್ಲ ಸಾರ್," ಅಂದ ಎಂಜಿನಿಯರ್. "ಸಿಸ್ಟಮ್ಮಿಗೆ ಏನೋ ಅಡ್ಡ ಕಂಡಿತು, ನಿಲ್ತು. ಅದರ ಕೆಲಸಾನೇ ಅದು. ಎಚ್ಚರ ಚಾಲಕನದ್ದೇ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿದೆ."

"ಚಾಲಕ ಏನ್ ಮಾಡಬೇಕಿತ್ತಪ್ಪ?"

"ಆಕ್ಸಿಲರೇಟರ್ ಒತ್ತಿದ್ರೆ ಬ್ರೇಕ್ ಬಿಡ್ತಿತ್ತು ಸಾರ್."

ನನ್ನ ಮೈಯೆಲ್ಲ ಉರಿದುಹೋಯಿತು. ಗಾಡಿ ತಾನಾಗಿ ಬ್ರೇಕ್ ಹಾಕಿಕೊಂಡರೆ ಆಕ್ಸಿಲರೇಟರ್ ಒತ್ತು ಅಂತ ಮೂವತ್ತು ವರ್ಷದಲ್ಲಿ ನಾನು ಯಾರಿಗೂ ಪರೀಕ್ಷೆಯಲ್ಲಿ ಹೇಳಿಲ್ಲ, ನನಗೂ ಯಾರೂ ಹೇಳಿಲ್ಲ. ಮಾರುವಾಗ ತಾನೇ ನೋಡಿಕೊಳ್ಳುತ್ತದೆ, ಗುದ್ದಿದ ಮೇಲೆ ನೀನೇ ನೋಡಿಕೊಳ್ಳಬೇಕಿತ್ತು! ಆ ಹುಡುಗನಿಗೆ ಬೈದೆ. ಪಾಪ, ಅವನೇನು ಮಾಡಿಯಾನು, ಅವನೂ ಸಂಬಳಕ್ಕಿದ್ದವನು.

ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ: ಚಾಲಕ ಬ್ರೇಕ್ ತುಳಿದಿರುವುದಕ್ಕೆ ಆಧಾರವಿಲ್ಲ, ಯಂತ್ರ ತಾನೇ ನಿಂತಿದೆ ಅಂತ. ವರದಿ ವಾಪಸ್ ಬಂತು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಂದರು ಮೇಲಿನವರು. ಬ್ರೇಕ್ ಸುಸ್ಥಿತಿಯಲ್ಲಿದೆಯೇ? ಇದೆ. ಯಾಂತ್ರಿಕ ದೋಷ ಇದೆಯೇ? ಕಂಪನಿಯೇ ಇಲ್ಲ ಅನ್ನುತ್ತದೆ. ಯಂತ್ರದ್ದಲ್ಲವಾದರೆ ಮನುಷ್ಯನದ್ದು, ಮೂರನೆಯದಕ್ಕೆ ನಿಯಮದಲ್ಲಿ ಜಾಗವೇ ಇಲ್ಲ. ನಾನು ಜಗಳಾಡಿದೆ, ಮತ್ತೆ ಬರೆದೆ, ಖುದ್ದಾಗಿ ಹೋಗಿ ಮೇಜು ಬಡಿದೂ ಬಂದೆ. ಮರಿಯಪ್ಪನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ನಾಯಿ ಅಡ್ಡ ಬಂತು ಅಂತ ಒಂದು ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದನಲ್ಲ ಅಂತ ಈಗಲೂ ಅನ್ನಿಸುತ್ತದೆ.

ಮಾಲೀಕರು ಆ ಸಂಜೆ ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. ಆದರೂ ಅವನನ್ನು ಸ್ಟೀರಿಂಗಿಗೆ ವಾಪಸ್ ಕರೆಯಲಿಲ್ಲ. ಮಿಲ್ಲಿನಲ್ಲಿ ಚೀಲ ಹೊರಲು ಬೇಕಾದರೆ ಬಾ ಅಂದರು. ಹೋದ, ಮತ್ತೇನು ಮಾಡಿಯಾನು? ಕಾರನ್ನು, ಹಿಂದಿನ ಬಂಪರ್ ಬದಲಿಸಿ, ತಾವೇ ಓಡಿಸತೊಡಗಿದರು.

ಲೈಸೆನ್ಸ್ ಒಪ್ಪಿಸಲು ಮರಿಯಪ್ಪ ಕಚೇರಿಗೆ ಬಂದಾಗ ಅವನ ಹೆಗಲ ಮೇಲೆ ಅಕ್ಕಿ ತೌಡು ಮೆತ್ತಿತ್ತು. ಅಂಗಿ ಜೇಬಿನಿಂದ ಕಾರ್ಡು ತೆಗೆದು, ಒರೆಸಿ, ನನ್ನ ಮೇಜಿನ ಮೇಲಿಟ್ಟ. ನಾನು ಏನೋ ಸಮಾಧಾನ ಹೇಳಲು ಹೋದೆ. ಅವನು ಬೇಡವೆಂದು ಕೈ ಆಡಿಸಿದ.

"ನಿಮ್ ಮ್ಯಾಲ ಸಿಟ್ಟಿಲ್ರಿ ಸಾಹೇಬ್ರ, ನೀವು ಭಾಳ ಓಡ್ಯಾಡೀರಿ. ಒಂದ ಮಾತು ಹೇಳ್ರಿ. ಮುಂದ ಹಿಂಗ ಆಗಬಾರ್ದು ಅಂತ ನನ್ ಲೈಸೆನ್ಸ್ ಕಸ್ಗೊಂಡ್ರಿ. ಬ್ರೇಕ್ ಹಾಕಿದ್ದು ಅದು. ಅದರ ಲೈಸೆನ್ಸ್ ಯಾರ್ ಕಸ್ಗೋತಾರ್ರಿ?"

ಡ್ರೈವರ್ ಇಲ್ಲದ ಕಾರು ಬರುತ್ತದೆ ಸ್ವಾಮಿ, ಬಂದೇ ಬರುತ್ತದೆ, ನಾನೇನು ಅದಕ್ಕೆ ಅಡ್ಡ ನಿಲ್ಲುವವನಲ್ಲ. ಗಾಡಿ ಯಾರು ಓಡಿಸಬೇಕು ಅಂತ ಕೇಳುವ ಮೊದಲು, ತಪ್ಪಾದಾಗ ಯಾರು ಮುಂದೆ ಬಂದು ನಿಲ್ಲಬೇಕು ಅಂತ ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಯ ವರ್ಷದಲ್ಲಿ. ಅವತ್ತು ಮರಿಯಪ್ಪನ ಕಾರ್ಡನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಅವನು ಚೀಲ ಹೊರಲು ಹೋದ.