ಬೀಗಿತ್ತಿಯ ಹೊಸ ವರ್ಷಕ್ಕೆ ನಮ್ಮ ಎಣ್ಣೆಸ್ನಾನ

ನನ್ನ ಬೀಗಿತ್ತಿ ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ಈಗಲೂ ಒಂದೇ ಉಸಿರಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು. ಭೂಪಟದ ಮೇಲೆ ದೇಶ ತೋರಿಸಲು ತಡವರಿಸಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಮಗಳು ಮದುವೆಯಾಗಲಿದ್ದ ಹುಡುಗನ ತಾಯಿಯನ್ನು ಮೊದಲ ಸಲ ನೋಡಿದಾಗ ಆ ಬೆಂಚು ಹತ್ತಬೇಕಾದವಳು ನಾನೇ ಎನಿಸಿತು. ಮುಖ ಚೀನೀಯರದು, ಮೈಬಣ್ಣ ನನ್ನದಕ್ಕಿಂತ ತುಸು ಕಪ್ಪು, ಇಂಗ್ಲಿಷು ನಮ್ಮದೂ ಅಲ್ಲ, ಅಮೆರಿಕದ್ದೂ ಅಲ್ಲ. ಹುಟ್ಟಿದ್ದು ಜಮೈಕಾದಲ್ಲಂತೆ. ಜಮೈಕಾ ಎಂದರೆ ನನಗೆ ಗೊತ್ತಿದ್ದದ್ದು ತೀರಿಕೊಂಡ ನಮ್ಮ ಯಜಮಾನರು ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದ ವೇಗದ ಬೌಲರುಗಳು ಮಾತ್ರ.

ಅವರೇ ನನಗೆ ಬಿಡಿಸಿ ಹೇಳಿದರು. ತಂದೆ ದಕ್ಷಿಣ ಚೀನಾದ ಹಕ್ಕಾ ಎಂಬ ಜನದವರು. ಹರೆಯದಲ್ಲೇ ಹಡಗು ಹತ್ತಿ ಜಮೈಕಾಕ್ಕೆ ಹೋಗಿ, ಕಿಂಗ್‌ಸ್ಟನ್ ಊರಿನಲ್ಲಿ ದಿನಸಿ ಅಂಗಡಿ ಇಟ್ಟು, ಅಲ್ಲಿನ ಕಪ್ಪು ಹೆಂಗಸೊಬ್ಬಳನ್ನು ಮದುವೆಯಾದರು. ಅವರ ಮಗಳು ಇವರು. ಮದುವೆಯಾದ ಮೇಲೆ ಅಮೆರಿಕದ ಮಿಲ್ಪಿಟಾಸ್ ಊರಿಗೆ ಬಂದು, ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ದುಡಿದು, ಗಂಡ ಹೋದ ಮೇಲೂ ಅಲ್ಲೇ ಟೌನ್‌ಹೌಸಿನಲ್ಲಿ ಒಬ್ಬರೇ ಇದ್ದಾರೆ. ಅಲ್ಲಿನ ಚೀನೀ ಗ್ರೋಸರಿಯಲ್ಲಿ ಕೌಂಟರಿನವಳು ಇವರೊಡನೆ ಚೀನೀ ಭಾಷೆಯಲ್ಲಿ ಶುರು ಮಾಡುತ್ತಾಳೆ. ಇವರು ತಮ್ಮ ಜಮೈಕಾ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವಳು ಕೆಲಸ ಬಿಟ್ಟು ಮುಖ ನೋಡುತ್ತಾಳೆ. ಪಕ್ಕದಲ್ಲಿ ನಿಂತ ನಾನೂ ನೋಡುತ್ತೇನೆ.

ಅವರ ಹಬ್ಬದಡುಗೆ ಇನ್ನೊಂದು ಗೊಂದಲ. ಚೀನೀ ಹೊಸ ವರ್ಷಕ್ಕೆ ಮೇಕೆ ಮಾಂಸದ ಕರಿ! ಅದರ ಪುಡಿಯಲ್ಲಿ ಅರಿಸಿನ, ಮೆಂತ್ಯ, ಕೊತ್ತಂಬರಿ. ಕಬ್ಬು ಕಡಿಯಲು ಹಿಂದೆ ನಮ್ಮ ದೇಶದಿಂದ ಹೋದವರು ಜಮೈಕಾಕ್ಕೆ ಕೊಟ್ಟದ್ದು ಎಂದರು. ನನಗಾಗಿ ತೆಂಗಿನ ಹಾಲಿನಲ್ಲಿ ಬೇಯಿಸಿದ ರಾಜ್ಮಾ ಅನ್ನ ಬೇರೆ ಪಾತ್ರೆಯಲ್ಲಿ. ಒಂದು ಊಟದಲ್ಲಿ ಮೂರು ದೇಶ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಕಳೆದ ವರ್ಷದ ಹೊಸ ವರ್ಷ ಮಾತ್ರ ನಗುವ ವಿಷಯವಾಗಿರಲಿಲ್ಲ. ಹಿರಿಯರಿಗೆ ಊದುಬತ್ತಿ ಹಚ್ಚಿ ಎಡೆ ಇಡುವುದನ್ನು ಬೀಗಿತ್ತಿ ಅಲ್ಲಿಯವರೆಗೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. ನಮ್ಮ ಅಳಿಯನಿಗೆ ಅದರಲ್ಲಿ ಆಸಕ್ತಿ ಇಲ್ಲ. ಆಗಷ್ಟೇ ಏಳು ತುಂಬಿದ್ದ ಮೊಮ್ಮಗಳಿಗೆ ಅದನ್ನು ಕಲಿಸಬೇಕು, ಅವಳ ಕೈಯಲ್ಲೇ ಹಚ್ಚಿಸಬೇಕು ಎಂದು ಅವರ ಆಸೆ. ಹಾಗಾಗಿ ಸ್ಯಾನ್ ರಮೋನಿನ ನಮ್ಮ ಮನೆಯಲ್ಲೇ, ಅಂದರೆ ನಾನೀಗ ಇರುವ ಮಗಳ ಮನೆಯಲ್ಲಿ, ಹಬ್ಬ ಎಂದು ಗೊತ್ತಾಯಿತು. "ಈ ಮಗು ಕಲಿಯದಿದ್ದರೆ ನನ್ನ ಜೊತೆಗೇ ಮುಗಿಯುತ್ತದೆ" ಎಂದು ಅವರು ನನ್ನ ಕೈ ಹಿಡಿದು ಹೇಳಿದ್ದರು.

ಮಗಳು ನನಗೆ ವಾರ ಮೊದಲೇ ಪಾಠ ಮಾಡಿದಳು.

"ಅಮ್ಮಾ, ಅವತ್ತು ಕಸ ಗುಡಿಸ್ಬೇಡ. ಎಲ್ಲಾ ಹಿಂದಿನ್ ದಿನಾನೇ ಕ್ಲೀನ್ ಮಾಡ್ಬಿಡೋಣ. ಹಬ್ಬದ್ ದಿನ ಗುಡಿಸಿದ್ರೆ ಲಕ್ ಹೋಗುತ್ತಂತೆ."

"ನಾನೇನ್ ಚಿಕ್ ಮಗೂನಾ? ಪೊರಕೆ ಮುಟ್ಟಲ್ಲ, ಬಿಡು" ಎಂದೆ.

ಮುಟ್ಟಲಿಲ್ಲ. ಬಾಗಿಲಿಗೆ ರಂಗೋಲಿ ಹಾಕಲು ಕೈ ತುರಿಸಿದರೂ ತಡೆದುಕೊಂಡೆ. ಬೆಳಿಗ್ಗೆ ಅಳಿಯ ತಾಯಿಯನ್ನು ಕರೆತರಲು ಮಿಲ್ಪಿಟಾಸಿಗೆ ಹೋದ. ಅವರು ಈಗ ಫ್ರೀವೇಯಲ್ಲಿ ಕಾರು ಓಡಿಸುವುದಿಲ್ಲ. ಮಗಳು ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗು ಹಿಡಿದು ಕೂತಿದ್ದಳು. ಮೊಮ್ಮಗಳು ಕೆದರಿದ ತಲೆಯಲ್ಲಿ ಕೆಳಗಿಳಿದು ಬಂದಳು. ಹೊಸ ವರ್ಷ, ಹೊಸ ಬಟ್ಟೆ, ಮಗುವಿನ ತಲೆ ನೋಡಿದರೆ ಹೀಗೆ! ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಯುಗಾದಿಗೆ ಮಾಡುವಂತೆ ಮಣೆ ಹಾಕಿ ಕೂರಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಸೀಗೆಪುಡಿ ಹಾಕಿ ಬಿಸಿಬಿಸಿ ನೀರೆರೆದೆ. "ಇಟ್ಸ್ ಟೂ ಹಾಟ್, ಅಜ್ಜಿ!" ಎಂದು ಅವಳು ಕೂಗಿದರೂ ಬಿಡಲಿಲ್ಲ. ಟವೆಲ್ಲಿನಿಂದ ಒರೆಸುವಾಗ ಅವಳ ಗುಂಗುರು ಕೂದಲು ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಎಷ್ಟು ಚೆಂದ ಕಂಡಳೆಂದರೆ ದೃಷ್ಟಿ ತೆಗೆದೆ.

ಮೀಟಿಂಗು ಮುಗಿಸಿ ಬಂದ ಮಗಳು ಮೆಟ್ಟಿಲ ಮೇಲೇ ನಿಂತಳು.

"ಅಯ್ಯೋ ಅಮ್ಮಾ, ಏನ್ ಮಾಡ್ದೆ? ತಲೆಗೆ ಹಾಕ್ಬಿಟ್ಯಾ?"

"ಹಬ್ಬ ಅಲ್ವೇನೇ?"

"ಅವರಲ್ಲಿ ಹೊಸ ವರ್ಷದ್ ದಿನ ತಲೆ ತೊಳಿಯೋ ಹಾಗಿಲ್ಲಮ್ಮಾ! ಬಂದಿರೋ ಅದೃಷ್ಟ ಎಲ್ಲಾ ತೊಳ್ದು ಹೋಗುತ್ತೆ ಅಂತ. ನಿಂಗ್ ಹೇಳೋದೇ ಮರ್ತೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಲೆ ಸ್ನಾನವಿಲ್ಲದ ಹಬ್ಬ ಭೂಮಿಯ ಮೇಲೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮಗಳು ಡ್ರೈಯರ್ ತರಲು ಓಡಿದಳು. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ಸದ್ದು ಮಾಡಿತು.

ಕೆಂಪು ಅಂಗಿಯ ಮೇಲೆ ಕೆಂಪು ಕೋಟು ತೊಟ್ಟು, ತಂದೆಯ ಫೋಟೋ ಎದೆಗೆ ಹಿಡಿದು ಬೀಗಿತ್ತಿ ಒಳಗೆ ಬಂದರು. ಮಗು ಓಡಿ ಹೋಗಿ ತಬ್ಬಿಕೊಂಡಿತು. ಅವರು ಅದರ ತಲೆಯ ಮೇಲೆ ಕೈಯಿಟ್ಟವರು ಹಾಗೇ ನಿಂತರು. ಕೈ ಒದ್ದೆಯಾಗಿತ್ತು. ಅದನ್ನು ಮೂಗಿನ ಹತ್ತಿರ ತಂದು ಮೂಸಿದರು. ಫೋಟೋವನ್ನು ಮೇಜಿನ ಮೇಲಿಟ್ಟು ಹಿತ್ತಲಿನ ಬಾಗಿಲು ತೆಗೆದುಕೊಂಡು ಹೊರಗೆ ಹೋದರು.

ಎಲ್ಲ ಕೆಡಿಸಿದೆ ಎಂದುಕೊಂಡೆ. ಅವರ ಇಷ್ಟು ವರ್ಷದ ಆಸೆಗೆ ನಾನು ನೀರೆರೆದಿದ್ದೆ, ಅದೂ ಬಿಸಿನೀರು. ಅತ್ತೆಯ ಹಬ್ಬವನ್ನು ಅಮ್ಮ ಬೇಕೆಂದೇ ಕೆಡಿಸಿದಳೆಂಬ ಮಾತು ಬಂದರೆ ಮಗಳು ಯಾರ ಮುಖ ನೋಡಬೇಕು? ಹೆದರಿಕೆಯಿಂದಲೇ ಅವರ ಹಿಂದೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಬರೆದಿರುವುದು ನನಗೆ ತಿಳಿದಷ್ಟು.

"ತಪ್ಪಾಯಿತು. ನನಗೆ ಗೊತ್ತಿರಲಿಲ್ಲ" ಎಂದೆ.

"ಅದು ಯಾವ ಎಣ್ಣೆ?"

"ಹರಳೆಣ್ಣೆ."

"ನನ್ನಮ್ಮನೂ ಅದನ್ನೇ ಹಚ್ಚುತ್ತಿದ್ದಳು. ಜಮೈಕಾದಲ್ಲಿ ಎಲ್ಲರೂ ಹಚ್ಚುತ್ತಾರೆ."

ಅವರು ಬೇಲಿಯ ಕಡೆ ನೋಡುತ್ತಾ ಹೇಳಿದರು. ಅವರಿಗೂ ಆಗ ಏಳು ವರ್ಷ. ಕಿಂಗ್‌ಸ್ಟನ್ನಿನ ಚೀನೀಯರೆಲ್ಲ ಹೊಸ ವರ್ಷಕ್ಕೆ ಸೇರುವ ಹಾಲ್‌ಗೆ ತಂದೆ ಮೊದಲ ಸಲ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟಿದ್ದರು. ಬೆಳಿಗ್ಗೆ ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ, ತೊಳೆದು, ಜಡೆ ಹೆಣೆದು ಬಿಳಿ ರಿಬ್ಬನ್ ಕಟ್ಟಿದಳು. ಹಾಲ್‌ನಲ್ಲಿ ತಂದೆಯ ಸೋದರತ್ತೆಯೊಬ್ಬಳು ಜಡೆ ಮುಟ್ಟಿ ನೋಡಿ ಕಿರುಚಿದಳು. ನಮ್ಮವರ ಅದೃಷ್ಟ ತೊಳೆಯಲೆಂದೇ ಇವಳು ಹೀಗೆ ಮಾಡಿದ್ದಾಳೆ ಎಂದಳು. ತಾಯಿಯನ್ನೂ ಮಗಳನ್ನೂ ಹಿರಿಯರ ಎಡೆಯ ಮುಂದೆ ನಿಲ್ಲಲು ಯಾರೂ ಬಿಡಲಿಲ್ಲ. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ತಾಯಿ ಆಮೇಲೆ ಆ ಹಾಲ್‌ಗೆ ಎಂದೂ ಹೋಗಲಿಲ್ಲ.

"ಆ ಅತ್ತೆ ಹೇಳಿದ್ದನ್ನೇ ನಾನು ನಂಬಿದೆ. ಅಮ್ಮನಿಗೆ ಗೊತ್ತಿತ್ತು, ಅಪ್ಪನ ಕಡೆಯವರ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದಳು ಅಂತ. ಅವಳು ಸಾಯುವವರೆಗೂ ನಂಬಿದೆ. ಕೇಳಲೇ ಇಲ್ಲ."

ನನ್ನ ಕಡೆ ತಿರುಗಿದರು. "ನೀವು ಇವತ್ತು ಇವಳ ತಲೆ ತೊಳೆಯುವಾಗ ಮನಸ್ಸಿನಲ್ಲಿ ಏನಿತ್ತು? ನಿಜ ಹೇಳಿ."

ಏನಿತ್ತು? ಎಷ್ಟು ಹುಡುಕಿದರೂ ಸಿಗಲಿಲ್ಲ. "ಏನೂ ಇರಲಿಲ್ಲ. ಹಬ್ಬ, ಮಗು ಚೆನ್ನಾಗಿ ಕಾಣಲಿ ಅಂತ."

"ಅಷ್ಟೇನಾ?"

"ಅಷ್ಟೇ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಮಾಡಿದ್ದು ತಪ್ಪೋ ಸರಿಯೋ, ಸಮಾಧಾನ ಮಾಡಬೇಕೋ ಕ್ಷಮೆ ಕೇಳಬೇಕೋ, ನನಗೆ ಒಂದೂ ತಿಳಿಯಲಿಲ್ಲ. ಬೆನ್ನು ಸವರುತ್ತಾ ಕೂತೆ.

ಆಮೇಲೆ ಅವರೇ ಎದ್ದು ಒಳಗೆ ಬಂದರು. ಡ್ರೈಯರ್ ಹಿಡಿದು ನಿಂತಿದ್ದ ನನ್ನ ಮಗಳಿಗೆ ಅದನ್ನು ಒಳಗಿಡಲು ಹೇಳಿದರು. ಮೇಜಿನ ಮೇಲೆ ಕಿತ್ತಳೆ ಹಣ್ಣು, ಚಹಾದ ಬಟ್ಟಲು, ಕರಿ ಎಲ್ಲ ಜೋಡಿಸಿ, ತಲೆ ಇನ್ನೂ ಒದ್ದೆಯಾಗಿದ್ದ ಮಗುವನ್ನು ಎದುರಿಗೆ ನಿಲ್ಲಿಸಿ ಅದರ ಕೈಯಲ್ಲಿ ಊದುಬತ್ತಿ ಹಚ್ಚಿಸಿದರು. ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ಮಗು ಮೂರು ಮೂರು ಸಲ ಬಾಗಿತು. ಎಲ್ಲವೂ ಚೀನೀ ಹೆಸರುಗಳು. ಕೊನೆಗೆ ಒಂದು ಇಂಗ್ಲಿಷ್ ಹೆಸರು ಹೇಳಿದರು. ನಮ್ಮ ಅಳಿಯ ತಟ್ಟನೆ ತಲೆ ಎತ್ತಿ ತಾಯಿಯನ್ನು ನೋಡಿದ.

"ಹೂ ಈಸ್ ದಟ್?" ಎಂದಿತು ಮಗು.

"ನನಗೆ ತಲೆ ಸ್ನಾನ ಮಾಡಿಸಿದವಳು" ಎಂದರು ಬೀಗಿತ್ತಿ. "ಅವಳಿಗೂ ಬಾಗು."